ಅಂಚಿನಿಂದ ನಡುವಿಗೆ: ಊರೊಟ್ಟಿನ ಕೌದಿ ಹೊಲಿಯುವ ಬಗೆ

ಊರಿನ ಎಲ್ಲ ಸಮುದಾಯದವರನ್ನೂ ಕೂಡಿಸಿ ಒಂದು ಕೌದಿ ಹೊಲಿಸಬೇಕು, ಅದನ್ನು ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಬೇಕು ಎಂದು ಹೊರಟವರು ಬಹುಪಾಲು ಒಂದೇ ದಾರಿ ಹಿಡಿಯುತ್ತಾರೆ. ಒಂದಡಿ ಚೌಕದ ಬಿಳಿ ಬಟ್ಟೆ ತುಂಡುಗಳನ್ನು ಹಂಚುತ್ತಾರೆ. ನಿಮ್ಮ ಸಂಸ್ಕೃತಿಯ ಗುರುತೊಂದನ್ನು ಇದರ ಮೇಲೆ ಮಾಡಿಕೊಡಿ ಎನ್ನುತ್ತಾರೆ. ಬಂದ ತುಂಡುಗಳನ್ನೆಲ್ಲ ದರ್ಜಿಯ ಕೈಗೆ ಕೊಟ್ಟು ಮಷಿನ್ ಹೊಲಿಗೆ ಹಾಕಿಸುತ್ತಾರೆ. ಮೇಲಿನ ಅಂಚಿಗೆ ನಾಲ್ಕು ಮೊಳೆ ಹೊಡೆದು ಗೋಡೆಗೆ ಏರಿಸುತ್ತಾರೆ. ಉದ್ಘಾಟನೆಯ ದಿನ ಚೆಂದವೇ ಕಾಣುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೊಳೆಯ ಹತ್ತಿರ ಬಟ್ಟೆ ಹಿಂಜಿ, ನಡುವೆ ಜೋತುಬಿದ್ದು, ಕೆಂಪು ಬಣ್ಣ ಪಕ್ಕದ ಬಿಳಿಗೆ ಹತ್ತಿರುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅದರಲ್ಲಿ ಒಬ್ಬರ ಹೊಲಿಗೆ ಇನ್ನೊಬ್ಬರ ಬಟ್ಟೆಯನ್ನು ಎಲ್ಲಿಯೂ ಮುಟ್ಟಿರುವುದಿಲ್ಲ. ಶಾಲೆಯ ಗೋಡೆಯ ಚಾರ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬೇಗ ಹರಿಯುವುದಕ್ಕೂ ಚಾರ್ಟಿನ ಹಾಗೆ ಕಾಣುವುದಕ್ಕೂ ಕಾರಣ ಒಂದೇ. ವೈವಿಧ್ಯವನ್ನು ತೋರಿಸುವ ಕೆಲಸವನ್ನು ಚಿತ್ರಕ್ಕೆ ವಹಿಸಿ, ಹೊಲಿಗೆಗೆ ವಹಿಸದೇ ಬಿಟ್ಟಿದ್ದೇವೆ. ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿ ಹೊಲಿಯುವ ಕ್ರಮದಲ್ಲೇ ಇದೆ.

ಆ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯನ್ನು ಹೊರಗಿನವರು ಬಲ್ಲದ್ದು ಪಕ್ಷಿಧಾಮದಿಂದ. ಆದರೆ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಈ ತಾಲ್ಲೂಕಿನಲ್ಲಿ, ಪಕ್ಕದ ಹಳಿಯಾಳ, ಜೋಯಿಡಾ, ದಾಂಡೇಲಿ ಸೀಮೆಯಲ್ಲಿ, ಸಿದ್ದಿ, ಗೌಳಿ, ಕುಣಬಿ, ಲಂಬಾಣಿ, ಮರಾಠ, ಲಿಂಗಾಯತ, ಮುಸ್ಲಿಂ, ಕ್ರೈಸ್ತ ಮನೆಗಳು ಒಂದೇ ಸಂತೆಗೆ ಬರುತ್ತವೆ; 1966ರಿಂದ ಮುಂಡಗೋಡದಲ್ಲಿ ಟಿಬೆಟನ್ ನೆಲೆಯೂ ಇದೆ. ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರು ಗೋವಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಗುಂಪೊಂದು ಶುರುವಾಯಿತು; 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹೊದೆಯುವ ಕೌದಿ ವಸ್ತುಸಂಗ್ರಹಾಲಯಕ್ಕೆ ತಕ್ಕದ್ದೇ ಎಂದು ಅನುಮಾನಿಸುವವರಿಗೆ ಇಷ್ಟು ಸಾಕು.

ಆ ಕೌದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಮ್ಮ ಕೆಲಸಕ್ಕೆ ಬೇಕಾದ ಸಂಗತಿ ಸಿಗುತ್ತದೆ. ಕೆಲವದರಲ್ಲಿ ಶಿಲುಬೆ ಇರುತ್ತದೆ, ಕೆಲವದರಲ್ಲಿ ಅರ್ಧಚಂದ್ರ, ಬಹಳಷ್ಟರಲ್ಲಿ ಯಾವ ಗುರುತೂ ಇರುವುದಿಲ್ಲ. ಹೊಲಿಯುವ ಕ್ರಮ ಮಾತ್ರ ಮೂರು ಧರ್ಮದ ಮನೆಗಳಲ್ಲೂ ಒಂದೇ: ಹಳೆಯ ಸೀರೆಯ ಹಾಸು, ಅದರ ಮೇಲೆ ಉಟ್ಟುಬಿಟ್ಟ ಬಟ್ಟೆಯ ತೇಪೆಗಳು, ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಕ್ಕೆ ಸಾಗುವ ನೇರ ಓಟದ ಹೊಲಿಗೆ, ಮೂಲೆಗಳಿಗೆ ಮಡಿಸಿ ಕೂರಿಸಿದ ‘ಫುಲಾ’ ಎಂಬ ಹೂವು. ಫುಲಾ ಇಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಅಂದರೆ ಕ್ರಮ ಎಲ್ಲರದು, ಬಟ್ಟೆ ಮತ್ತು ಕೈ ಅವರವರದು, ಗುರುತು ಬೇಕೆನಿಸಿದವರ ಇಷ್ಟ. ಊರೊಟ್ಟಿನ ಕೌದಿಗೂ ಇದೇ ಅನುಕ್ರಮ ಇರಬೇಕು. ನಾವು ಮಾಡುವುದು ತದ್ವಿರುದ್ಧ: ಗುರುತನ್ನು ಕಡ್ಡಾಯ ಮಾಡುತ್ತೇವೆ, ಬಟ್ಟೆಯನ್ನು ಅಂಗಡಿಯಿಂದ ತರುತ್ತೇವೆ, ಹೊಲಿಯುವುದನ್ನು ಗುತ್ತಿಗೆಗೆ ಕೊಡುತ್ತೇವೆ.

ಅಂಚಿನಿಂದ ಯಾಕೆ?

ಹೊಲಿಗೆ ಬಲ್ಲವರು ಇಲ್ಲೊಂದು ತಕರಾರು ತೆಗೆಯುತ್ತಾರೆ, ತೆಗೆಯಬೇಕು ಕೂಡ. ಪಾಶ್ಚಾತ್ಯ ಪದ್ಧತಿಯಲ್ಲಿ ನಡುವಿನಿಂದ ಹೊರಕ್ಕೆ ಹೊಲಿಯುತ್ತಾರೆ. ಸುಕ್ಕು, ಸಡಿಲವೆಲ್ಲ ಅಂಚಿಗೆ ಸರಿದು ಹೊರಬೀಳುತ್ತದೆ. ಅಂಚನ್ನೇ ಮೊದಲು ಬಿಗಿದುಬಿಟ್ಟರೆ ಸುಕ್ಕೆಲ್ಲ ನಡುವೆ ಬಂದು ಗುಡ್ಡೆಯಾಗುವುದಿಲ್ಲವೇ? ಮೇಲ್ಪದರವನ್ನು ಪೂರ್ತಿ ಜೋಡಿಸಿಟ್ಟುಕೊಂಡು, ಹತ್ತಿಯ ಪದರದ ಮೇಲೆ ಹಾಸಿ ಹೊಲಿಯುವಾಗ ಈ ಮಾತು ನೂರಕ್ಕೆ ನೂರು ನಿಜ. ಸಿದ್ದಿ ಕೌದಿಯಲ್ಲಿ ಅಂಥ ಸಿದ್ಧ ಮೇಲ್ಪದರವೇ ಇಲ್ಲ. ಒಂದು ತೇಪೆ ಇಟ್ಟು, ಅದರ ಅಂಚು ಮಡಿಸಿ, ಕೆಳಗಿನ ಸೀರೆಯ ಸಮೇತ ಹೊಲಿದ ಮೇಲೆಯೇ ಮುಂದಿನ ತೇಪೆಯ ಆಯ್ಕೆ. ಎಲ್ಲಾದರೂ ಸಡಿಲ ಕಂಡರೆ ಮುಂದಿನ ತೇಪೆ ಅದನ್ನು ಅಲ್ಲೇ ನುಂಗುತ್ತದೆ. ಜೊತೆಗೆ, ಬಳಕೆಯಲ್ಲಾಗಲಿ ಗೋಡೆಯ ಮೇಲಾಗಲಿ ಮೊದಲು ಹರಿಯುವುದು ಅಂಚು. ಅದು ಮೊದಲ ಸುತ್ತಿನಲ್ಲೇ ಮಡಚಿ ಭದ್ರವಾಗುತ್ತದೆ. ಓಟದ ಹೊಲಿಗೆ ಎಲ್ಲ ಪದರಗಳನ್ನೂ ಬೆರಳಗಲಕ್ಕೊಂದರಂತೆ ಹಿಡಿದಿರುವುದರಿಂದ ಭಾರ ಯಾವುದೇ ಒಂದು ಜೋಡಣೆಯ ಮೇಲೆ ಬೀಳದೆ ಸಾವಿರಾರು ಸಣ್ಣ ಹಿಡಿತಗಳಿಗೆ ಹಂಚಿಹೋಗುತ್ತದೆ. ಚೌಕದ ಕೌದಿಯಲ್ಲಿ ಎರಡು ಚೌಕಗಳ ನಡುವಿನ ಒಂದೇ ಗೆರೆ ಕೆಳಗಿನ ಭಾರವನ್ನೆಲ್ಲ ಹೊರಬೇಕು. ಅಲ್ಲೇ ಬಿರಿಯುತ್ತದೆ.

ಇನ್ನೊಂದು ಲಾಭ ಹೊಲಿಗೆಯ ಹೊರಗಿನದು. ನಡುವಿನಿಂದ ಹೊಲಿಯತೊಡಗಿದರೆ ಒಮ್ಮೆಗೆ ಮೂರು ನಾಲ್ಕು ಜನಕ್ಕಷ್ಟೇ ಜಾಗ. ಅಂಚಿನಿಂದಾದರೆ ಮೊದಲ ದಿನವೇ ಎಲ್ಲರೂ ಸುತ್ತ ಕೂರಬಹುದು.

ಸಮಾನ ಅಳತೆಯ ತುಂಡುಗಳ ಪರವಾಗಿ ವಾದಿಸುವವರು ಅಮೆರಿಕದ ಏಡ್ಸ್ ಸ್ಮಾರಕ ಕೌದಿಯ ಉದಾಹರಣೆ ಕೊಡುತ್ತಾರೆ. 1987ರಲ್ಲಿ ವಾಷಿಂಗ್ಟನ್ನಿನಲ್ಲಿ ಅದನ್ನು ಮೊದಲು ಹಾಸಿದಾಗ ತಲಾ ಮೂರಡಿ ಅಗಲ, ಆರಡಿ ಉದ್ದದ 1,920 ಪಟ್ಟಿಗಳಿದ್ದವು. ಆದರೆ ಅಲ್ಲಿ ಒಂದೊಂದು ಪಟ್ಟಿಯೂ ತೀರಿಹೋದ ಒಬ್ಬೊಬ್ಬರ ನೆನಪಿನದು, ಹೆಚ್ಚುಕಡಿಮೆ ಒಂದು ಗೋರಿಯ ಅಳತೆಯದು. ಅವು ಬೇರೆ ಬೇರೆಯಾಗಿ ಉಳಿಯುವುದೇ ಅದರ ಅರ್ಥ. ಕೂಡಿ ಬಾಳುವುದನ್ನು ತೋರಿಸಹೊರಟವರು ಆ ಮಾದರಿಯನ್ನು ಎತ್ತಿಕೊಂಡರೆ ಬೇಲಿಗಳನ್ನೇ ಹೊಲಿದಂತಾಗುತ್ತದೆ.

ಮಾಡುವ ಕ್ರಮ

1. ಮೊದಲು ಗೋಡೆ, ಆಮೇಲೆ ಬಟ್ಟೆ. ಕೌದಿ ಹೋಗಬೇಕಾದ ಸಂಗ್ರಹಾಲಯದವರೊಡನೆ ಹೊಲಿಯುವ ಮುನ್ನವೇ ಮಾತಾಡಿ. ಅತ್ತಿವೇರಿ ಕಡೆಯವರಿಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಾಗಲಿ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಾಗಲಿ ಸಲಹೆ ಕೇಳಲು ದೂರವಲ್ಲ. ಗೋಡೆಯ ಅಗಲ, ಕಿಟಕಿಯ ದಿಕ್ಕು, ಸೋರುವಿಕೆ ಇದೆಯೇ ಎಂಬುದನ್ನು ಕೇಳಿಟ್ಟುಕೊಳ್ಳಿ.

2. ಹಾಸು. ಐದೂವರೆ ಮೀಟರಿನ ಒಂದು ಗಟ್ಟಿ ಹತ್ತಿ ಸೀರೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ, ಉದ್ದದ ಅಂಚುಗಳನ್ನು ಜೋಡಿಸಿದರೆ ಸುಮಾರು 2.75 ಮೀಟರ್ ಅಗಲ, 2.2 ಮೀಟರ್ ಎತ್ತರದ ಹಾಸು ಸಿಗುತ್ತದೆ. ನಡುವಿನ ಜೋಡಣೆಯ ಮೇಲೆ ತೇಪೆಗಳು ಅಡ್ಡಲಾಗಿ ಬರುವಂತೆ ನೋಡಿಕೊಳ್ಳಿ. ತೇಪೆಯ ಅಂಚೂ ಜೋಡಣೆಯೂ ಒಂದೇ ಗೆರೆಯಲ್ಲಿ ಬಿದ್ದರೆ ಅದೇ ದುರ್ಬಲ ಜಾಗವಾಗುತ್ತದೆ.

3. ಬಟ್ಟೆ ಕೂಡಿಸುವುದು. ಹೊಸದು ಬೇಡ, ಉಟ್ಟದ್ದು ಕೇಳಿ. ಗೌಳಿ ಹೆಂಗಸಿನ ಸೀರೆಯ ಅಂಚು, ಇಳಕಲ್ ಸೆರಗು, ಟಿಬೆಟನ್ ಗೃಹಿಣಿಯ ಅಡ್ಡಪಟ್ಟೆಯ ಪಂಗ್ದೆನ್, ಶಾಲೆಯ ನೀಲಿ ಸಮವಸ್ತ್ರ, ಲುಂಗಿ, ಸ್ಕರ್ಟು ಎಲ್ಲ ಬರಲಿ. ಇವು ಯಾವುವೂ ಚಿತ್ರಗಳಲ್ಲ. ಆದರೂ ಯಾವ ಮನೆಯದು ಎಂದು ಸಂತೆಯಲ್ಲಿ ತಿರುಗಾಡಿದವರಿಗೆಲ್ಲ ಗೊತ್ತಾಗುತ್ತದೆ. ಹಳೆ ಬಟ್ಟೆ ಬಾಳಿಕೆ ಬಾರದು ಎಂಬ ಆಕ್ಷೇಪಕ್ಕೆ ಉತ್ತರ ಪರೀಕ್ಷೆಯಲ್ಲಿದೆ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೂಲು ಸವೆದು ಬೆಳಕು ಸೋರಿದರೆ, ಎರಡೂ ಹೆಬ್ಬೆರಳಿಂದ ಎಳೆದಾಗ ಚರ್ ಎಂದರೆ, ಅದನ್ನು ಅಡಿಪದರಕ್ಕೆ ಹಾಕಿ, ಮೇಲೆ ಗಟ್ಟಿ ತೇಪೆ ಇಡಿ. ತುಂಡು ಕೊಟ್ಟವರ ಬಟ್ಟೆ ಕೌದಿಯ ಹೊರಗುಳಿಯುವುದಿಲ್ಲ, ಭಾರ ಮಾತ್ರ ಅದರ ಮೇಲೆ ಬೀಳುವುದಿಲ್ಲ. ಜೀನ್ಸ್ ದಪ್ಪ, ಸೂಜಿ ಹೋಗದು. ನೈಲಾನ್ ಜಾರುತ್ತದೆ, ಹತ್ತಿಯ ಜೊತೆ ಕುಗ್ಗುವುದೂ ಇಲ್ಲ.

4. ತೊಳೆದು, ಬಣ್ಣ ಪರೀಕ್ಷಿಸಿ. ಪ್ರತಿ ಬಟ್ಟೆಯ ಮೂಲೆಗೆ ಒದ್ದೆ ಬಿಳಿ ಹತ್ತಿ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಅದು ನಿಲ್ಲುವವರೆಗೆ ಬೇರೆಯಾಗಿ ತೊಳೆಯಿರಿ, ನಿಲ್ಲದಿದ್ದರೆ ಬಿಡಿ. ಕೆಂಪು, ಕುಂಕುಮ, ಕಡು ನೀಲಿಗಳ ಮೇಲೆ ಹೆಚ್ಚು ಕಣ್ಣಿರಲಿ. ಕನ್ನಡಿ ಕೂರಿಸಿದ ಲಂಬಾಣಿ ಕಸೂತಿಯಂಥ ತೊಳೆಯಲಾಗದ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಶಾಖದ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ನುಸಿ, ಮೊಟ್ಟೆ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆ ಬೆವರುತ್ತದೆ.

5. ಲೆಕ್ಕ. ಮೇಲಿನ ಅಳತೆಯ ಕೌದಿ ಸುಮಾರು 6 ಚದರ ಮೀಟರ್. ಗೆರೆಗಳ ನಡುವೆ ಒಂದೂವರೆ ಸೆಂಟಿಮೀಟರ್ ಬಿಟ್ಟರೆ ಒಟ್ಟು ಹೊಲಿಗೆಯ ಉದ್ದ 400 ಮೀಟರ್. ದಾರ ಪದರಗಳ ಒಳಗೆ ಏರಿಳಿಯುವುದರಿಂದ, ಗಂಟು ತುದಿಗಳಿಗೂ ಹೋಗುವುದರಿಂದ 600 ಮೀಟರ್ ದಪ್ಪ ಹತ್ತಿ ದಾರವನ್ನು ಒಂದೇ ಸಲ, ಒಂದೇ ಕಂತಿನದು ತನ್ನಿ. ನಿಮ್ಮ ಗುಂಪು ಒಂದು ಗಂಟೆಯಲ್ಲಿ ಎಷ್ಟು ಮೀಟರ್ ಹೊಲಿಯುತ್ತದೆ ಎಂದು ಮೊದಲ ದಿನವೇ ಅಳೆದು 400ನ್ನು ಅದರಿಂದ ಭಾಗಿಸಿ. ಉದ್ಘಾಟನೆಯ ದಿನಾಂಕವನ್ನು ಆ ಮೇಲೆ ಗೊತ್ತುಮಾಡಿ. ಅತಿಥಿಗಳ ಬಿಡುವು ನೋಡಿ ದಿನಾಂಕ ಮೊದಲೇ ಹಾಕಿಕೊಂಡವರೇ ಕೊನೆಗೆ ಮಷಿನ್ ಹುಡುಕಿಕೊಂಡು ಹೋಗುವುದು.

6. ಕೂರುವ ಕ್ರಮ. ಇದನ್ನು ಯಾರೂ ಮುಂದಾಗಿ ಯೋಚಿಸುವುದಿಲ್ಲ. ಈ ಹಾಸಿನ ಸುತ್ತಳತೆ ಸುಮಾರು 10 ಮೀಟರ್. ಒಬ್ಬೊಬ್ಬರಿಗೆ 70 ಸೆಂಟಿಮೀಟರ್ ಎಂದರೆ ಹದಿನಾಲ್ಕು ಜನ ಕೂರಬಹುದು. ಅರ್ಧ ಮೀಟರ್ ಒಳಸರಿಯುವಷ್ಟರಲ್ಲಿ ಸುತ್ತಳತೆ 6 ಮೀಟರಿಗೆ ಇಳಿದು ಎಂಟು ಜನಕ್ಕೆ ಜಾಗ, ಕೊನೆಗೆ ಇಬ್ಬರು ಮೂವರಿಗೆ. ಹಾಗಾಗಿ ಎರಡು ನಿಯಮ ಮಾಡಿಕೊಳ್ಳಿ. ಒಂದು ಸುತ್ತು ಮುಗಿದ ಕೂಡಲೇ ಎಲ್ಲರೂ ಒಂದೊಂದು ಜಾಗ ಬಲಕ್ಕೆ ಸರಿಯುವುದು. ಆಗ ಯಾವ ಮೂಲೆಯೂ ಯಾವ ಓಣಿಯದೂ ಆಗುವುದಿಲ್ಲ, ಒಬ್ಬರ ಬಟ್ಟೆಯ ಮೇಲೆ ಇನ್ನೊಬ್ಬರ ಹೊಲಿಗೆ ತಾನಾಗಿ ಬೀಳುತ್ತದೆ. ಎರಡನೆಯದು, ಒಳಸುತ್ತುಗಳಿಗೆ ಯಾರು ಕೂರುವುದು ಎಂಬ ಪಾಳಿಯನ್ನು ಮೊದಲೇ ಬರೆದಿಡುವುದು. ಬಿಟ್ಟರೆ ಗಟ್ಟಿ ದನಿಯವರೇ ನಡುವೆ ಉಳಿಯುತ್ತಾರೆ.

7. ಹೊಲಿಗೆ. ಹಾಸನ್ನು ನೆಲದ ಮೇಲೆ ಚಾಪೆ ಹಾಸಿ ಹರಡಿ. ಹಾಸಿನ ಅಂಚು, ತೇಪೆಯ ಅಂಚು ಎರಡನ್ನೂ ಒಳಮಡಿಸಿ ಮೊದಲ ಗೆರೆ ಎಳೆಯಿರಿ. ದಾರ ಒಂದು ತೋಳಿಗಿಂತ ಉದ್ದ ಬೇಡ. ದಬ್ಬಣ ದೊಡ್ಡ ತೂತು ಮಾಡುತ್ತದೆ, ದಪ್ಪ ಸೂಜಿ ಸಾಕು. ದಾರ ಜಗ್ಗಬೇಡಿ, ಪ್ರತಿ ಸುತ್ತಿನ ಕೊನೆಗೆ ಅಂಗೈಯನ್ನು ಹೊರಗಿನಿಂದ ನಡುವಿನ ಕಡೆಗೆ ಸವರಿ ನೋಡಿ, ಕೈಗೆ ಅಲೆ ಸಿಕ್ಕರೆ ಆ ಗೆರೆ ಬಿಚ್ಚಿ. ಒಬ್ಬರ ಹೊಲಿಗೆ ಅಕ್ಕಿಕಾಳಷ್ಟು, ಇನ್ನೊಬ್ಬರದು ಅದರ ಎರಡರಷ್ಟು ಇರುತ್ತದೆ, ತಿದ್ದಲು ಹೋಗಬೇಡಿ. ಸಂಡೂರಿನ ಲಂಬಾಣಿ ಹೆಂಗಸರ ಕೈಕೆಲಸವನ್ನು ಎಲ್ಲಿಟ್ಟರೂ ಗುರುತಿಸುವುದು ಅದರ ಹೊಲಿಗೆಗಳಿಂದ; ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಕೈ ಬದಲಾದದ್ದು ಕಾಣುವುದೇ ಈ ಕೌದಿಗೆ ಬೇಕಾದ ವೈವಿಧ್ಯ. ಹೊಲಿಗೆ ಬಿಗಿಯಾಗಿರಬಾರದು, ಗೆರೆ ತೀರಾ ದೂರವಾಗಬಾರದು, ಇವೆರಡೇ ಕಟ್ಟಳೆ.

8. ದಾಖಲೆ. ಪ್ರತಿ ಸುತ್ತಿನ ಫೋಟೊ ತೆಗೆಯಿರಿ. ಕೌದಿಯ ಒಂದು ರೇಖಾನಕ್ಷೆ ಬರೆದು ಪ್ರತಿ ತೇಪೆಗೂ ಸಂಖ್ಯೆ ಕೊಡಿ: ಬಟ್ಟೆ ಎಂಥದು, ಯಾವ ಊರಿನದು, ಕೊಟ್ಟವರು ಹೆಸರು ಹಾಕಲು ಒಪ್ಪಿದ್ದಾರೆಯೇ. ಗುರುತಿನ ಚಿತ್ರಗಳಿಲ್ಲದಿದ್ದರೆ ನೋಡುಗರಿಗೆ ಏನೂ ತಿಳಿಯದು ಎಂಬ ಆಕ್ಷೇಪಕ್ಕೆ ಉತ್ತರ ಈ ನಕ್ಷೆ. ಅದನ್ನು ಕೌದಿಯ ಪಕ್ಕದಲ್ಲಿ ತೂಗುಹಾಕಿದರೆ ಜನ ಒಂದೊಂದೇ ಸಂಖ್ಯೆ ಹುಡುಕುತ್ತಾ ಕೌದಿಯ ಮುಂದೆ ನಿಲ್ಲುತ್ತಾರೆ. ಒಂದು ಚೌಕದಲ್ಲಿ ಶಿಲುಬೆ, ಇನ್ನೊಂದರಲ್ಲಿ ಓಂ ಬರೆದಿದ್ದರೆ ಓದಿ ಮುಗಿಸಲು ಅರ್ಧ ನಿಮಿಷ ಸಾಕು. ಹಾಗೆಂದು ಗುರುತನ್ನು ನಿಷೇಧಿಸಬೇಕಿಲ್ಲ. ಹೊಲಿಯುವಾಕೆಗೆ ತೋಚಿದರೆ ಹೊಲಿಯಲಿ.

ಕೇಳದೆ ಕತ್ತರಿಸಬಾರದ್ದು

ಕೌದಿ ನೆಲದ ಮೇಲೆ ಹೊಲಿಯುವ ವಸ್ತು. ಅದರ ಮೇಲೆ ಕೂರುತ್ತಾರೆ, ಕಾಲು ತಾಗುತ್ತದೆ. ಆದ್ದರಿಂದ ಮಂತ್ರ ಮುದ್ರಿಸಿದ ಟಿಬೆಟನ್ ಪ್ರಾರ್ಥನಾ ಪತಾಕೆ, ಕುರಾನಿನ ಅಕ್ಷರಗಳಿರುವ ಬಟ್ಟೆ, ದೇವರ ಚಿತ್ರದ ಶಾಲು ಇವನ್ನು ತೇಪೆಗೆ ತರಬಾರದು. ಭಿಕ್ಷುಗಳ ವಸ್ತ್ರಕ್ಕೆ ಮಠದವರನ್ನು ಕೇಳದೆ ಕತ್ತರಿ ಮುಟ್ಟಿಸಬೇಡಿ. ತೀರಿಹೋದವರ ಸೀರೆಯನ್ನು ಕೆಲವು ಮನೆಗಳವರು ಮನಸಾರೆ ಕೊಡುತ್ತಾರೆ, ಕೆಲವರಿಗೆ ಆ ಮಾತೇ ಸಲ್ಲದು. ಕೇಳುವಾಗಲೇ ಕತ್ತರಿಸುತ್ತೇವೆ ಎಂದು ತಿಳಿಸಿ. ಕನ್ನಡಿ ತುಂಡುಗಳು ಭಾರದವು. ಮೇಲಂಚಿನ ಬಳಿ ಬೇಡ, ನಡುವಿನಿಂದ ಕೆಳಗಿರಲಿ.

ಸಿದ್ದಿ ಹೆಂಗಸರ ಕಲೆಯನ್ನು ಎಲ್ಲರೂ ಎತ್ತಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಇದನ್ನು ಸನ್ಮಾನದ ಶಾಲು ಹೊದಿಸಿ ಬಗೆಹರಿಸಲಾಗದು. ಕಲಿಸಲು ಬಂದವರಿಗೆ ತರಬೇತುದಾರರ ಸಂಭಾವನೆ ಕೊಡಿ, ದಿನಗೂಲಿಯ ದರವಲ್ಲ. ಫಲಕದಲ್ಲಿ ಕ್ರಮ ಯಾರದು ಎಂದು ಬರೆಯಿರಿ. ಹಲವು ಸಮುದಾಯದವರು ಹೊಲಿದದ್ದನ್ನು ಸಿದ್ದಿ ಕೌದಿ ಎಂದು ಕರೆಯಬೇಡಿ. ಆ ಹೆಸರಿನಲ್ಲಿ ತಾವೇ ಹೊಲಿದು ಮಾರಿ ಬದುಕುವವರಿದ್ದಾರೆ.

ಗೋಡೆಗೆ ಏರಿಸುವಾಗ

ಮೂರು ನಾಲ್ಕು ಪದರದ ಈ ಕೌದಿ ಎರಡೂವರೆಯಿಂದ ಮೂರು ಕಿಲೊ ತೂಗುತ್ತದೆ. ನಾಲ್ಕು ಮೊಳೆಗೆ ಹಾಕಿದರೆ ಒಂದೊಂದು ಮೊಳೆಯ ತೂತೂ ಮುಕ್ಕಾಲು ಕಿಲೊ ಹೊರಬೇಕು. ಮೇಲಂಚಿನ ಉದ್ದಕ್ಕೂ ಹಂಚಿದರೆ ಪ್ರತಿ ಸೆಂಟಿಮೀಟರಿಗೆ ಹತ್ತು ಗ್ರಾಮಿನಷ್ಟು. ಅದಕ್ಕಾಗಿ ಹಿಂಬದಿಯ ಮೇಲಂಚಿಗೆ ಹತ್ತು ಸೆಂಟಿಮೀಟರ್ ಅಗಲದ ಕೋರಾ ಬಟ್ಟೆಯ ಕೊಳವೆಯನ್ನು ಕೈಹೊಲಿಗೆಯಿಂದ ಸೇರಿಸಿ, ಹಾಸಿಗೂ ತೇಪೆಗೂ ಹಿಡಿತ ಸಿಗುವಂತೆ. ಒಳಗೆ ಅಲ್ಯೂಮಿನಿಯಂ ಕೊಳವೆ ತೂರಿಸಿ ಎರಡೂ ತುದಿಗೆ, ನಡುವೆ ಒಂದು ಕಡೆ ಆಧಾರ ಕೊಡಿ. ಕಬ್ಬಿಣ ತುಕ್ಕು ಹಿಡಿಸುತ್ತದೆ. ಹಸಿ ಮರ ಆಮ್ಲ ಬಿಟ್ಟು ಬಟ್ಟೆಯನ್ನು ಕಂದಾಗಿಸುತ್ತದೆ. ಇನ್ನೊಂದು ದಾರಿ ವೆಲ್ಕ್ರೋ: ಮೃದು ಬದಿಯನ್ನು ಹತ್ತಿ ಪಟ್ಟಿಗೆ ಮಷಿನ್ ಹೊಲಿದು, ಆ ಪಟ್ಟಿಯನ್ನು ಕೌದಿಗೆ ಕೈಯಿಂದ ಹೊಲಿದು, ಮುಳ್ಳು ಬದಿಯನ್ನು ಗೋಡೆಯ ಪಟ್ಟಿಗೆ ಬಿಗಿಯುವುದು. ಇಳಿಸುವುದು ಸುಲಭ, ಅಲೆ ಬಂದರೆ ಎತ್ತಿ ಸರಿಪಡಿಸಲೂ ಬರುತ್ತದೆ.

ಗೋಡೆಗೂ ಕೌದಿಗೂ ಎರಡು ಮೂರು ಸೆಂಟಿಮೀಟರ್ ಅಂತರ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗೋಡೆಗಳು ನೀರು ಕುಡಿದಿರುತ್ತವೆ; ಒತ್ತಿ ನಿಂತ ಬಟ್ಟೆಯ ಹಿಂಬದಿಗೆ ಬೂಷ್ಟು ಬರುವುದು ಮುಂದಿನಿಂದ ಕಾಣುವುದೇ ಇಲ್ಲ. ಬೆಳಕು 50 ಲಕ್ಸ್ ಮೀರದಿರಲಿ ಎಂಬುದು ಬಟ್ಟೆಯ ಮಟ್ಟಿಗೆ ಸಂಗ್ರಹಾಲಯಗಳ ರೂಢಿ. ಮಬ್ಬಾಯಿತು ಎಂದು ಜನ ದೂರುತ್ತಾರೆ, ದೂರಲಿ. ಬಣ್ಣ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಮೂರು ನಾಲ್ಕು ತಿಂಗಳು ತೋರಿಸಿ, ಮಳೆಗಾಲದಲ್ಲಿ ಇಳಿಸಿ ಇಡುವ ಪಾಳಿ ಈ ಸೀಮೆಗೆ ಹೊಂದುತ್ತದೆ. ಚಳಿಗಾಲದಲ್ಲಿ ಹೇಗೂ ಪಕ್ಷಿಧಾಮಕ್ಕೆ ಬರುವವರು ಹೆಚ್ಚು.

ಮೇಲಿಂದ ಮೇಲೆ ಆಗುವ ತಪ್ಪುಗಳು

ಕೌದಿಯನ್ನು ಮಡಿಸಿ ಕಪಾಟಿನಲ್ಲಿಡುವುದು ಮೊದಲನೆಯದು; ಮಡಿಕೆಯ ಗೆರೆಯಲ್ಲೇ ನೂಲು ತುಂಡಾಗುತ್ತದೆ. ತೊಳೆದ ಕೋರಾ ಬಟ್ಟೆ ಸುತ್ತಿದ ದಪ್ಪ ಕೊಳವೆಗೆ ಮುಂಬದಿ ಹೊರಗಿರುವಂತೆ ಸುರುಳಿ ಸುತ್ತಿ, ಕನ್ನಡಿ ಇರುವಲ್ಲಿ ನಡುವೆ ಮೆತ್ತನೆಯ ಬಟ್ಟೆ ಇಡಿ. ನುಸಿಗುಳಿಗೆಯನ್ನು ಬಟ್ಟೆಗೆ ತಾಗಿಸಿ ಇಡುವುದು, ಬೇವಿನ ಸೊಪ್ಪನ್ನು ಪದರದೊಳಗೆ ತುರುಕುವುದು ಎರಡೂ ಕಲೆ ಬಿಡುತ್ತವೆ. ಪ್ರಾಯೋಜಕರ ಹೆಸರನ್ನು ಕೌದಿಯ ಮೇಲೇ ಹೊಲಿಸುವ ಚಪಲವೂ ಬೇಡ, ಅದಕ್ಕೆ ಫಲಕವಿದೆ. ಉದ್ಘಾಟನೆಯ ದಿನ ಅರಿಸಿನ ಕುಂಕುಮ ಹಚ್ಚುವ ಆಸೆಯಿದ್ದರೆ ಪಕ್ಕದಲ್ಲಿ ಬೇರೊಂದು ತೇಪೆ ಇಟ್ಟು ಅದಕ್ಕೆ ಹಚ್ಚಿ.

ಎಲ್ಲಕ್ಕಿಂತ ಹೆಚ್ಚು ಜಗಳ ತರುವುದು ಕಾಗದವಿಲ್ಲದೆ ಕೊಟ್ಟುಬಿಡುವುದು. ಹಸ್ತಾಂತರದ ಮುನ್ನ ಒಂದು ಪುಟದ ಒಪ್ಪಂದವಾಗಲಿ: ಕೌದಿ ದಾನವೋ ಎರವಲೋ, ಸಂಗ್ರಹಾಲಯ ಮುಚ್ಚಿದರೆ ಯಾರಿಗೆ ಮರಳಬೇಕು, ಅದರ ಚಿತ್ರವನ್ನು ಕ್ಯಾಲೆಂಡರಿಗೆ, ಚೀಲಕ್ಕೆ ಅಚ್ಚುಹಾಕಿದರೆ ಹಣ ಯಾರ ಪಾಲು, ಹೊಲಿಗೆ ಬಿಚ್ಚಿದರೆ ಹೊಲಿದವರನ್ನೇ ಕರೆಸಿ ಕೂಲಿ ಕೊಟ್ಟು ಸರಿಪಡಿಸಬೇಕೇ. ಕೊನೆಯ ಪ್ರಶ್ನೆಗೆ ಹೌದು ಎಂದು ಬರೆಸಿಕೊಳ್ಳಿ. ಉಳಿದ ದಾರದ ಉಂಡೆಯನ್ನೂ ಪ್ರತಿ ಬಟ್ಟೆಯ ಅಂಗೈಯಗಲದ ಒಂದು ತುಂಡನ್ನೂ ನಕ್ಷೆಯ ಸಂಖ್ಯೆ ಹಾಕಿ ಆ ಒಪ್ಪಂದದ ಕಡತದ ಜೊತೆಗೇ ಕೊಡಿ. ದುರಸ್ತಿಯ ದಿನ ಅದೇ ಬಣ್ಣ ಹುಡುಕಿಕೊಂಡು ಹುಬ್ಬಳ್ಳಿ ಪೇಟೆ ಅಲೆಯುವುದು ತಪ್ಪುತ್ತದೆ.